ಊರು, ಆಸಕ್ತಿ ಮತ್ತು ಪಕ್ಕದ ಸೀಟು

ಟೊರೊಂಟೊದ ಒಂದು ವಿಶ್ವವಿದ್ಯಾಲಯದಲ್ಲಿ, ಮನೋವೈದ್ಯರೂ ಮನಶ್ಶಾಸ್ತ್ರಜ್ಞರೂ ಒಂದೇ ಸೂರಿನಡಿ ಪಾಠ ಹೇಳುತ್ತಿದ್ದ ವಿಭಾಗದ ಕಚೇರಿಯಲ್ಲಿ ನನಗೆ ಕೆಲಸವಿತ್ತು. ಅಧ್ಯಾಪಕರ ಪರಿಚಯದ ಪುಟಗಳನ್ನು ಬರೆದು ವಿಭಾಗದ ಜಾಲತಾಣದಲ್ಲಿ ಹಾಕುವುದು, ಹಳತಾದಾಗ ತಿದ್ದುವುದು. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ನಗುವ ಭಾವಚಿತ್ರ, ಅದರ ಕೆಳಗೆ ‘ಹಿನ್ನೆಲೆ’, ಅದರ ಕೆಳಗೆ ‘ಸಂಶೋಧನಾ ಆಸಕ್ತಿ’. ಇಷ್ಟರಲ್ಲಿ ಅನ್ಯಾಯಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು. ಎಡೆಯಿತ್ತು. 2017ರ ಬೇಸಿಗೆಯಲ್ಲಿ ಆ ಪುಟಗಳನ್ನೆಲ್ಲ ಒಟ್ಟಿಗೆ ಓದಲು ಕುಳಿತಾಗ ಅದು ನನ್ನ ಕಣ್ಣಿಗೆ ಬಿತ್ತು.

ಕೊಲಂಬೊದಿಂದಲೋ ನೈರೋಬಿಯಿಂದಲೋ ಲಾಹೋರಿನಿಂದಲೋ ಬಂದ ಅಧ್ಯಾಪಕರ ಹಿನ್ನೆಲೆಯಲ್ಲಿ ಮೊದಲ ಸಾಲೇ ಹುಟ್ಟಿದ ಊರು, ಬಿಟ್ಟು ಬಂದ ಕಷ್ಟ, ಇಲ್ಲಿಗೆ ಸೇರಿದ ಸಾಹಸ. ಬಿಳಿಯ ಅಧ್ಯಾಪಕರ ಹಿನ್ನೆಲೆಯಲ್ಲಿ ಊರೇ ಇರಲಿಲ್ಲ. ಅವರು ನೇರವಾಗಿ ಪದವಿಯೊಂದಿಗೇ ಹುಟ್ಟಿದವರಂತೆ, ಕೂಡಲೇ ತಮ್ಮ ವಿಷಯಕ್ಕೆ ಇಳಿಯುತ್ತಿದ್ದರು. ಕೆಲವರಿಗೆ ಊರು ಕೊಟ್ಟಿದ್ದರು, ಕೆಲವರಿಗೆ ವಿಷಯ ಕೊಟ್ಟಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಕೆಟ್ಟ ಮನಸ್ಸಿಲ್ಲದೆ ನಡೆಯುವ ಅನ್ಯಾಯವೇ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ಅನುಭವ.

ನಾನು ಕಲಿತದ್ದು ಬೆಂಗಳೂರಿನ ಹೊರವಲಯದಲ್ಲಿದ್ದ, ಪರೀಕ್ಷೆಗಳಿಲ್ಲದ ಒಂದು ಪುಟ್ಟ ಶಾಲೆಯಲ್ಲಿ. ಅಲ್ಲಿ ಶಿಕ್ಷಕರನ್ನು ಅಕ್ಕ, ಅಣ್ಣ ಎಂದು ಕರೆಯುತ್ತಿದ್ದೆವು. ಪ್ರತಿ ಬೆಳಗ್ಗೆ ನೆಲದ ಮೇಲೆ ವೃತ್ತವಾಗಿ ಕುಳಿತು, ಹಿಂದಿನ ದಿನ ಕಂಡ ಯಾವುದಾದರೊಂದು ತಪ್ಪನ್ನು, ಮಾಡಿದವರ ಹೆಸರು ಹೇಳದೆ, ತಪ್ಪಿಗೆ ಮಾತ್ರ ಹೆಸರಿಟ್ಟು ಹೇಳಬೇಕಿತ್ತು. ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿನಲ್ಲಿ ನಾವು ಇದನ್ನು ಕಲಿತೆವು. ನನಗೆ ಇವತ್ತಿಗೂ ಏಳರ ಮಗ್ಗಿ ಸರಿಯಾಗಿ ಬರುವುದಿಲ್ಲ. ಆದರೆ ತಪ್ಪಿಗೆ ಹೆಸರಿಡುವ ಅಭ್ಯಾಸ ಬಿಟ್ಟಿಲ್ಲ.

ಆದ್ದರಿಂದ ವಿಭಾಗದ ಸಭೆಯಲ್ಲಿ ಎದ್ದು ನಿಂತು, ‘ಹಿನ್ನೆಲೆ’ಯಿಂದ ಊರನ್ನು ಸಂಪೂರ್ಣವಾಗಿ ತೆಗೆದುಹಾಕಬೇಕೆಂದು ಕೇಳಿದೆ. ಅದಕ್ಕೆ ಹಿಂದಿನ ವರ್ಷವಷ್ಟೇ, ‘ನೀವು ನಿಜವಾಗಿ ಎಲ್ಲಿಯವರು?’ ಎಂದು ಕಂದು ಬಣ್ಣದವರನ್ನು ಮಾತ್ರ ಕೇಳುವ ಚಾಳಿಯ ವಿರುದ್ಧ ನಾನು ಕಟ್ಟಡದ ಲಿಫ್ಟಿನಲ್ಲಿ ಭಿತ್ತಿಪತ್ರ ಅಂಟಿಸಿದ್ದೆ. ವಿಭಾಗದ ಮುಖ್ಯಸ್ಥೆ, ಸಭೆಯುದ್ದಕ್ಕೂ ಉಲ್ಲನ್ ಹೆಣೆಯುತ್ತ ಕೂರುವ ಹಿರಿಯ ಮನೋವೈದ್ಯೆ, ಸೂಜಿ ನಿಲ್ಲಿಸದೆ ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಅನ್ಯಾಯ ಇರುವುದು ನಿಜ, ಆದರೆ ಪರಿಹಾರ ಉಲ್ಟಾ ಆಯಿತು ಎಂದರು. ಕೆಲವರನ್ನು ಮಾತ್ರ ಕೇಳುವುದು ತಪ್ಪಾದರೆ ಎಲ್ಲರನ್ನೂ ಕೇಳಿ. ನನ್ನಿಂದಲೇ ಶುರುಮಾಡಿ ಎಂದರು. ಹೀಗೆ, ಯಾವ ಪ್ರಶ್ನೆಯನ್ನು ಲಿಫ್ಟಿನಲ್ಲಿ ಖಂಡಿಸಿದ್ದೆನೋ ಅದನ್ನೇ ಹಿಡಿದುಕೊಂಡು ನಾನು ಬಾಗಿಲಿಂದ ಬಾಗಿಲಿಗೆ ಹೋಗಬೇಕಾಯಿತು.

ಆ ಶರತ್ಕಾಲ ನನ್ನ ಕೆಲಸದ ಬದುಕಿನ ಅತ್ಯಂತ ಸಂತೋಷದ ಕಾಲ. ಬಿಳಿಯ ಪ್ರಾಧ್ಯಾಪಕರನ್ನು ‘ನಿಮ್ಮದು ಯಾವ ಊರು? ಮನೆಯಲ್ಲಿ ಏನು ಕೆಲಸ ಮಾಡುತ್ತಿದ್ದರು? ಈ ವಿಷಯಕ್ಕೆ ಹೇಗೆ ಬಂದಿರಿ?’ ಎಂದು ಯಾರೂ ಕೇಳಿರಲಿಲ್ಲ. ಮೊದಲು ಗಾಬರಿಯಾಗಿ, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ನಿಗದಿಯಾದ ಸಮಯ ಮೀರಿ ಹೇಳುತ್ತಿದ್ದರು. ನಿದ್ರೆಯ ಮೇಲೆ ಕೆಲಸ ಮಾಡುವ ಮನೋವೈದ್ಯರು ಮಾಂಟ್ರಿಯಾಲಿನ ಬೇಕರಿಯ ಮೇಲಿನ ಮನೆಯಲ್ಲಿ ಬೆಳೆದವರು. ತಂದೆ ಬ್ರೆಡ್ ಬೇಯಿಸಲು ಏಳುವ ಹೊತ್ತಿಗೆ ಮನೆಯವರೆಲ್ಲ ಏಳುತ್ತಿದ್ದುದರಿಂದ, ಬೇರೆಯವರು ಬೆಳಕಾಗುವ ತನಕ ಮಲಗುತ್ತಾರೆಂಬುದು ಅವರಿಗೆ ಶಾಲೆಗೆ ಸೇರಿದ ಮೇಲೆ ತಿಳಿಯಿತಂತೆ. ನೆನಪಿನ ಶಕ್ತಿಯನ್ನು ಅಧ್ಯಯನ ಮಾಡುವ ಹಿರಿಯ ಪ್ರಾಧ್ಯಾಪಕಿಯೊಬ್ಬರ ತಾಯಿ ಗೋಧಿ ಬೆಳೆಯುವ ಬಯಲುಸೀಮೆಯ ಹಳ್ಳಿಯಲ್ಲಿ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದರು. ಪತ್ರ ಮುಟ್ಟಿ ನೋಡಿ ಯಾರದ್ದೆಂದು ಹೇಳುವ ಆಟವಾಡಿ ಮಗಳು ದೊಡ್ಡವಳಾದಳು. ಜಾಫ್ನಾದಿಂದ ಬಂದ ಮನಶ್ಶಾಸ್ತ್ರಜ್ಞೆಯ ಹಳೆಯ ಪುಟದಲ್ಲಿ ಯುದ್ಧ, ದೋಣಿ, ನಿರಾಶ್ರಿತರ ಶಿಬಿರ ಎಲ್ಲವೂ ಇದ್ದವು. ಮಕ್ಕಳು ಹೇಳುವ ಸುಳ್ಳು ಆಕೆಯ ಸಂಶೋಧನೆಯ ವಿಷಯ ಯಾಕಾಯಿತು ಎಂಬುದು ಮಾತ್ರ ಇರಲಿಲ್ಲ. ಕೇಳಿದೆ. ಮನೆಯಲ್ಲಿ ತುಂಬ ಮಕ್ಕಳಿದ್ದೆವು, ಸುಳ್ಳು ಹೇಳದವರಿಗೆ ಎರಡನೆಯ ಮಾವಿನಹಣ್ಣು ಸಿಗುತ್ತಿರಲಿಲ್ಲ ಎಂದು ನಕ್ಕರು. ಯುದ್ಧವನ್ನು ತೆಗೆದು ಮಾವಿನಹಣ್ಣನ್ನು ಹಾಕಿ ಎಂದು ಅವರೇ ಹೇಳಿದರು. ಹಾಗೇ ಮಾಡಿದೆ.

ಕೊನೆಗೆ ಉಳಿದವರಲ್ಲಿ ಭಯದ ಪ್ರಾಧ್ಯಾಪಕರೊಬ್ಬರು. ವಿಭಾಗದಲ್ಲಿ ಅವರನ್ನು ಹಾಗೆಯೇ ಗುರುತಿಸುತ್ತಿದ್ದುದು. ಉದ್ದನೆಯ, ನಾಚಿಕೆಯ ಮನುಷ್ಯ, ಮನಶ್ಶಾಸ್ತ್ರಜ್ಞರು. ಅಪಘಾತವಾದ ಮೇಲೆ, ಕೆಲವೊಮ್ಮೆ ಆಗದೆಯೂ, ಜನರಿಗೆ ಹೈವೇಯಲ್ಲಿ ಕಾರು ಓಡಿಸಲು ಉಂಟಾಗುವ ಭಯ ಅವರ ಸಂಶೋಧನೆಯ ವಿಷಯ. ಉತ್ತರ ಒಂಟಾರಿಯೊದ ಸಣ್ಣ ಊರಿನವರು, ತಂದೆ ಹೆದ್ದಾರಿಯ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದರು ಎಂದಷ್ಟೇ ಹೇಳಿದರು. ನಾನು ಎಷ್ಟು ಕೆದಕಿದರೂ ಅದರಾಚೆಗೆ ಬಾಯಿ ಬಿಡಲಿಲ್ಲ. ಅವರ ಪುಟ ಎಲ್ಲರದಕ್ಕಿಂತ ಚಿಕ್ಕದಾಯಿತು.

ಇನ್ನು ಮನೆಯ ವಿಷಯ. ನಾನಿದ್ದದ್ದು ಟೊರೊಂಟೊ ಪಕ್ಕದ ಮಿಸಿಸಾಗಾ ನಗರದ ಎರಿನ್ ಮಿಲ್ಸ್‌ನಲ್ಲಿ, ಉಡುಪಿ ಕಡೆಯ ತುಳು ಮಾತಾಡುವ ಕುಟುಂಬವೊಂದರ ಬೇಸ್‌ಮೆಂಟಿನಲ್ಲಿ. ಮನೆಯೊಡತಿಯನ್ನು ಅಕ್ಕ ಎನ್ನುತ್ತಿದ್ದೆ, ಅವರ ಗಂಡನನ್ನು ಭಾವ. ಅವರಿಗೆ ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅಕ್ಕ ಬರ್ಲಿಂಗ್ಟನ್‌ನಲ್ಲಿ ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆಯಲ್ಲಿದ್ದರು. ಸಿದ್ಧವಾದ ಗಾಜನ್ನು ದೀಪಕ್ಕೆ ಹಿಡಿದು, ಗೀರು ಗುಳ್ಳೆ ಇದೆಯೇ ಎಂದು ಪರೀಕ್ಷಿಸುವ ಕೆಲಸ. ಆ ಕೆಲಸವೆಂದರೆ ಅವರಿಗೆ ಪ್ರಾಣ. ‘ಒಬ್ಬರ ಕಣ್ಣಿಗೆ ಹೋಗುವಂಥದ್ದಲ್ವಾ’ ಎನ್ನುತ್ತಿದ್ದರು.

ಆ ಶರತ್ಕಾಲಕ್ಕೆ ಹಿಂದಿನ ಚಳಿಗಾಲದಲ್ಲಿ, ಕೆಲಸದಿಂದ ಮರಳುವಾಗ, ಹೈವೇಯಲ್ಲಿ ಅಕ್ಕನ ಕಾರು ಮಂಜುಗಡ್ಡೆಯ ಮೇಲೆ ಜಾರಿ ಗಿರಗಿರನೆ ತಿರುಗಿ, ಬಂದ ದಿಕ್ಕಿಗೇ ಮುಖಮಾಡಿ ನಿಂತಿತ್ತು. ಯಾರಿಗೂ ಏನೂ ಆಗಲಿಲ್ಲ. ಕಾರಿಗೂ ಗೀರು ಬೀಳಲಿಲ್ಲ. ಆದರೆ ಎದುರಿಂದ ಬರುತ್ತಿದ್ದ ದೀಪಗಳ ಸಾಲನ್ನು ನೋಡಿಕೊಂಡು ಕುಳಿತ ಆ ಸ್ವಲ್ಪ ಹೊತ್ತು ಅಕ್ಕನೊಳಗೆ ಉಳಿದುಬಿಟ್ಟಿತು. ಅಂದಿನಿಂದ ಹೈವೇ ಹತ್ತಿದವರಲ್ಲ. ಅವರೊಂದಿಗೆ ಕೆಲಸ ಮಾಡುತ್ತಿದ್ದ ಪೋಲೆಂಡಿನ ಗೆಳತಿಯೊಬ್ಬರು ದಿನವೂ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ಆ ಗೆಳತಿ ಮಾರ್ಚ್ ಕೊನೆಗೆ ನಿವೃತ್ತಿ ಎಂದು ಕ್ರಿಸ್‌ಮಸ್‌ಗೆ ಮುಂಚೆ ತಿಳಿಸಿದರು.

ಊಟದ ಮೇಜಿನ ಸುತ್ತ ಲೆಕ್ಕಾಚಾರ ನಡೆಯಿತು. ಬೆಳಗ್ಗೆ ಆರಕ್ಕೆ ಶಿಫ್ಟು. ಒಳರಸ್ತೆಯಲ್ಲಿ ಹೋದರೆ ಹೆಜ್ಜೆಗೊಂದು ಸಿಗ್ನಲ್. ಅಕ್ಕ ಹಾಗೆ ಹೋಗಿ ನೋಡಿದ್ದರು, ತಡವಾಗಿ ತಲುಪಿ ಬೈಸಿಕೊಂಡಿದ್ದರು. ಬಸ್ಸಿನಲ್ಲಿ ಹೋಗೋಣವೆಂದರೆ ಒಂದು ನಗರದ ಬಸ್ಸಿಗೂ ಪಕ್ಕದ ನಗರದ ಬಸ್ಸಿಗೂ ಆ ಹೊತ್ತಿನಲ್ಲಿ ಪರಿಚಯವೇ ಇಲ್ಲ. ಇದನ್ನು ನಾನು ದುಡಿಯುವವರ ಮೇಲಿನ ಅನ್ಯಾಯವೆಂದು ಹೆಸರಿಸಿದೆ. ಭಾವ ಹೌದೆಂದು ತಲೆಯಾಡಿಸಿ, ಹಾಗಾದರೂ ಬಸ್ಸು ಬರುವುದಿಲ್ಲವಲ್ಲ ಎಂದರು. ಭಾವ ತಾನೇ ಪಕ್ಕದಲ್ಲಿ ಕುಳಿತು ಹೈವೇ ಅಭ್ಯಾಸ ಮಾಡಿಸಲು ನೋಡಿದ್ದರು. ಅಕ್ಕ ಸ್ಟೇರಿಂಗ್ ಹಿಡಿದರೆ ಸಾಕು, ಇವರು ತಮ್ಮ ಕಡೆ ಇಲ್ಲದ ಬ್ರೇಕನ್ನು ಎರಡೂ ಕಾಲಿನಿಂದ ಒತ್ತುತ್ತಿದ್ದರು. ಮಾರ್ಚ್ ಒಳಗೆ ಹೈವೇ ಹತ್ತಬೇಕು, ಇಲ್ಲವೇ ಕೆಲಸ ಬಿಡಬೇಕು. ಅಷ್ಟೇ ಉಳಿದದ್ದು.

ಪರಿಹಾರ ನನಗೆ ಹೊಳೆಯಿತೆಂದು ನಂಬಿದ್ದೆ. ಚಿಕಿತ್ಸೆಯ ದಾರಿಯಲ್ಲಿರುವ ಅಡ್ಡಿಗಳನ್ನು ಮೊದಲು ಹೇಳಿದೆ: ಮನೋವೈದ್ಯರ ಬಳಿ ಹೋಗಲು ಪ್ರಾಂತ್ಯದ ವಿಮೆ ಇದೆ, ಆದರೆ ಕಾಯುವ ಸಾಲು ಉದ್ದ, ಮನಶ್ಶಾಸ್ತ್ರಜ್ಞರ ಬಳಿ ಸಾಲು ಕಡಿಮೆ, ಆದರೆ ಕೈಯಿಂದ ಹಣ ಕೊಡಬೇಕು. ಇದು ದೇಹಕ್ಕೊಂದು ನ್ಯಾಯ, ಮನಸ್ಸಿಗೊಂದು ನ್ಯಾಯ ಎಂದು ಈಗಲೂ ಹೇಳುತ್ತೇನೆ. ಆದರೆ ನಮ್ಮ ವಿಭಾಗದ ಅಧ್ಯಯನಗಳಿಗೆ ಸೇರಿದವರಿಗೆ ಚಿಕಿತ್ಸೆ ಉಚಿತ. ನಾನು ಲ್ಯಾಪ್‌ಟಾಪು ತೆರೆದು ಅಧ್ಯಾಪಕರ ಪುಟಗಳನ್ನು ಅಕ್ಕನ ಮುಂದಿಟ್ಟು, ದಕ್ಷಿಣ ಏಷ್ಯಾದ ಮನಶ್ಶಾಸ್ತ್ರಜ್ಞೆಯೊಬ್ಬರನ್ನು ತೋರಿಸಿದೆ. ನಮ್ಮ ಭಾಷೆ, ನಮ್ಮ ಸಂಸ್ಕೃತಿ ಬಲ್ಲವರು ಬೇಕೆಂಬುದು ನನ್ನ ದೃಢ ನಿಲುವು.

ಅಕ್ಕ ಕನ್ನಡಕ ಏರಿಸಿ ನೋಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. ‘ನಮ್ಮವರು ಬೇಡ ಮಾರಾಯ್ತಿ. ಇವರ ಅತ್ತೆಯೋ ನಾದಿನಿಯೋ ಜೆರಾರ್ಡ್ ಸ್ಟ್ರೀಟಿನ ನಮ್ಮವರ ಅಂಗಡಿಯಲ್ಲಿ ಸಿಗ್ತಾರೆ. ಮತ್ತೆ ನಾನು ಬದನೆಕಾಯಿ ತಗೊಳ್ಳುವಾಗ ನನ್ನ ತಲೆ ಸರಿ ಉಂಟಾ ಅಂತ ನೋಡ್ತಾರೆ.’

ಆಮೇಲೆ ಒಂದೊಂದೇ ಪುಟ ಓದತೊಡಗಿದರು. ಪದವಿಗಳನ್ನು ಹಾರಿಸಿ, ಆಸಕ್ತಿಗಳನ್ನು ಹಾರಿಸಿ, ಹಿನ್ನೆಲೆಯನ್ನು ಮಾತ್ರ ಓದಿದರು. ಹೆಣ್ಣು ನೋಡಲು ಬಂದವರು ಮನೆತನ ವಿಚಾರಿಸುವ ಹಾಗೆ. ಬೇಕರಿಯ ಮಗ ಒಳ್ಳೆಯವನಿರಬೇಕು ಎಂದರು. ಮಾವಿನಹಣ್ಣಿನ ಮಾತಿಗೆ ನಕ್ಕರು. ಚಿಕ್ಕ ಪುಟ ಬಂದಾಗ ನಿಂತರು.

‘ಇವನು. ಹಿಮ ತೆಗೆಯುವವನ ಮಗ. ಇವನಿಗೆ ಗೊತ್ತಿರ್ತದೆ.’

ಇವರ ವಿಷಯವೂ ಹೈವೇಯ ಭಯವೇ ಎಂದು ನಾನು ಹೇಳಿದೆ. ಅದು ಹೇಗೂ ಇರ್ತದಲ್ಲ ಎಂದುಬಿಟ್ಟರು.

ಅಧ್ಯಯನದ ಪ್ರಕಟಣೆ ಸಾರ್ವಜನಿಕವಾಗಿತ್ತು. ನಾನು ಅದನ್ನು ತೋರಿಸಿ ಸುಮ್ಮನಾದೆ. ವಿಭಾಗದ ನೌಕರಳಾಗಿ ಆಯ್ಕೆಯಲ್ಲಿ ಕೈಯಾಡಿಸುವುದು ತಪ್ಪು. ಅಕ್ಕ ತಾವೇ ಫೋನ್ ಮಾಡಿ, ಅವರ ಪ್ರಶ್ನೆಗಳಿಗೆ ತಾವೇ ಉತ್ತರ ಕೊಟ್ಟು, ಆಯ್ಕೆಯಾದರು. ಮೊದಲ ಭೇಟಿಗೆ ಹೋಗುವ ಬೆಳಗ್ಗೆ ರೈಲಿನಲ್ಲಿ ಜೊತೆಗೆ ಹೋದೆವು. ದಾರಿಯುದ್ದಕ್ಕೂ ನಾನು ಅವರಿಗೆ ಇಲ್ಲಿಯ ಶಿಷ್ಟಾಚಾರ ವಿವರಿಸಿದೆ. ಮುಖ್ಯವಾಗಿ, ಊರು ಯಾವುದೆಂದು ಕೇಳಬೇಡಿ. ಬಸ್ಸಿನ ಚಾಲಕನಿಂದ ಹಿಡಿದು ಹಲ್ಲಿನ ಡಾಕ್ಟರ ತನಕ ನೀವು ಎಲ್ಲರನ್ನೂ ಕೇಳುತ್ತೀರಿ, ಅದು ಇಲ್ಲಿ ಬಹಳ ಜನರಿಗೆ ನೋವು ಕೊಟ್ಟಿರುವ ಪ್ರಶ್ನೆ ಎಂದೆ. ಅಕ್ಕ ಎಲ್ಲಕ್ಕೂ ‘ಆಯ್ತು ಆಯ್ತು’ ಎಂದರು.

ಸಂಜೆ ಅಡುಗೆಮನೆಯಲ್ಲಿ ಅವರೇ ಹೇಳಿದ ಪ್ರಕಾರ, ಒಳಗೆ ಹೋಗಿ ಕುಳಿತವರೇ ಕೇಳಿದ ಮೊದಲ ಪ್ರಶ್ನೆ ಅದು. ಊರು ಯಾವುದು, ಹಿಮ ಎಷ್ಟು ಬೀಳ್ತದೆ, ಅಪ್ಪ ಬೆಳಗ್ಗೆ ಎಷ್ಟು ಗಂಟೆಗೆ ಹೊರಡ್ತಿದ್ದರು, ಅಮ್ಮ ಹೆದರ್ತಿರಲಿಲ್ವಾ. ನನ್ನೆದುರು ಬಾಯಿ ಬಿಡದ ಮನುಷ್ಯ ಅಕ್ಕನಿಗೆ ಎಲ್ಲವನ್ನೂ ಹೇಳಿದ್ದರು. ಲಾರಿಯ ನೀಲಿ ದೀಪ ತಿರುವಿನಲ್ಲಿ ಕಾಣುವ ತನಕ ಅಮ್ಮ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲವಂತೆ. ಅಪ್ಪ ಊರಿಗೇ ಧೈರ್ಯಶಾಲಿ. ಆದರೆ ಹಿಮ ಬಿದ್ದ ಪ್ರತಿ ಬೆಳಗ್ಗೆ ಲಾರಿ ಹತ್ತುವ ಮುಂಚೆ ಹಿತ್ತಲಿನಲ್ಲಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಹೋಗುತ್ತಿದ್ದರಂತೆ. ಮಗ ಮಾತ್ರ ನೋಡಿದ್ದ. ಅದನ್ನು ಅರ್ಥ ಮಾಡಿಕೊಳ್ಳಲೆಂದೇ ಇಷ್ಟೆಲ್ಲ ಓದಿದ್ದಂತೆ.

‘ಹೆದರಿಕೆ ಇದ್ದವನೂ ಹೋಗಿ ಬರ್ತಿದ್ದ ಅಲ್ವಾ,’ ಎಂದರು ಅಕ್ಕ, ಬೆಳ್ಳುಳ್ಳಿ ಸುಲಿಯುತ್ತ. ಆ ಸಂಜೆಯಿಂದ ಅವರ ದನಿಯೇ ಬೇರೆಯಾಯಿತು.

ನಾನು ಆ ರಾತ್ರಿ ನನ್ನ ಭಿತ್ತಿಪತ್ರದ ಬಗ್ಗೆ ಯೋಚಿಸಿದೆ. ಅದರಲ್ಲಿದ್ದ ಮಾತು ಈಗಲೂ ಸರಿಯೆಂದೇ ನನ್ನ ಅಭಿಪ್ರಾಯ. ಹೊರಗಿನವರೆಂದು ಬೇರೆ ಮಾಡಲು ಕೇಳುವ ಪ್ರಶ್ನೆ ಬೇರೆ. ಅಕ್ಕ ಕೇಳುವುದು ಕುರ್ಚಿ ಹಾಕಿ ಕೂರಿಸುವ ಪ್ರಶ್ನೆ. ಮುಖ್ಯಸ್ಥೆ ಉಲ್ಲನ್ ಹೆಣೆಯುತ್ತ ಹೇಳಿದ್ದೂ ಇದನ್ನೇ ಇರಬಹುದು. ಭಿತ್ತಿಪತ್ರದ ಕೆಳಗೆ ಇನ್ನೊಂದು ಸಾಲು ಸೇರಿಸಿ ಮರುಮುದ್ರಿಸಿದೆ: ಕೇಳುವುದಾದರೆ ಎಲ್ಲರನ್ನೂ ಕೇಳಿ, ಉತ್ತರ ಮುಗಿಯುವ ತನಕ ಕುಳಿತುಕೊಳ್ಳಿ.

ಚಿಕಿತ್ಸೆಯ ಕ್ರಮ ಸರಳ. ಭಯ ಹುಟ್ಟಿಸುವ ಸಂದರ್ಭಗಳನ್ನು ಏಣಿಯ ಮೆಟ್ಟಿಲುಗಳಂತೆ, ಕೆಳಗೆ ಸಣ್ಣದು ಮೇಲೆ ದೊಡ್ಡದು, ಜೋಡಿಸುವುದು; ಪ್ರತಿ ಮೆಟ್ಟಿಲಿನಲ್ಲಿ ಭಯ ತಾನಾಗಿ ಇಳಿಯುವ ತನಕ ನಿಲ್ಲುವುದು; ಆಮೇಲೆ ಮೇಲಕ್ಕೆ. ಭಯಕ್ಕೆ ಸೊನ್ನೆಯಿಂದ ನೂರರ ಒಳಗೆ ಅಂಕ ಕೊಡಬೇಕಿತ್ತು. ಅಕ್ಕನಿಗೆ ಅದು ಹಿಡಿಸಲಿಲ್ಲ. ಗಾಜಿನ ಗೀರಿಗೆ ಅಂಕ ಕೊಡಬಹುದು, ಹೊಟ್ಟೆಯೊಳಗಿನ ಉರಿಗೆ ಅಂಕ ಎಂತದು ಎಂದು ಕೇಳಿದರಂತೆ. ಬದಲಿಗೆ ತಮ್ಮದೇ ಅಳತೆ, ಊರಿನ ಅಡುಗೆಯ ಖಾರದ್ದು, ಕೊಟ್ಟರು. ಮನೆಯ ಮುಂದೆ ನಿಂತ ಕಾರಿನಲ್ಲಿ ಕೂರುವುದು ನೀರುದೋಸೆ. ಎರಿನ್ ಮಿಲ್ಸ್ ಮಾಲಿನ ಪಾರ್ಕಿಂಗಿನಲ್ಲಿ ಸುತ್ತುವುದು ದೋಸೆಯ ಜೊತೆ ಚಟ್ನಿ. ಹೈವೇ ಹತ್ತಿ ಮುಂದಿನ ಎಕ್ಸಿಟ್ಟಿನಲ್ಲಿ ಇಳಿಯುವುದು ಬಂಗುಡೆ ಮೀನಿನ ಹುಳಿಖಾರ, ಪುಳಿಮುಂಚಿ. ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಬರ್ಲಿಂಗ್ಟನ್ ತನಕ ಹೋಗುವುದು ಕೋಳಿಸಾರಿನ ಕೋರಿ ರೊಟ್ಟಿ, ಖಾರ ಜಾಸ್ತಿ ಹಾಕಿದ್ದು. ಬೆಳಗಿನ ಕತ್ತಲೆಯಲ್ಲಿ ಒಬ್ಬರೇ ಹೋಗುವುದು ಬೆಂಕಿಯಂಥ ಖಾರದ ಕೋಳಿ ಘೀ ರೋಸ್ಟ್, ಕುಂದಾಪುರದ್ದು.

ಪ್ರಾಧ್ಯಾಪಕರು ಎಲ್ಲವನ್ನೂ ಬಿಳಿ ಹಲಗೆಯ ಮೇಲೆ ಬರೆದುಕೊಂಡು, ಈ ಪದಾರ್ಥಗಳು ತಮಗೆ ಪರಿಚಯವಿಲ್ಲವಲ್ಲ ಎಂದು ತಲೆ ಕೆರೆದುಕೊಂಡರಂತೆ. ಮುಂದಿನ ಭೇಟಿಗೆ ಅಕ್ಕ ಡಬ್ಬಿಗಳನ್ನು ಕಟ್ಟಿಕೊಂಡು ಹೊರಟರು. ಅಧ್ಯಯನಕ್ಕೆ ಸೇರಿದವರು ಸಂಶೋಧಕರಿಗೆ ಉಡುಗೊರೆ ಕೊಡುವುದು ಸಂಶೋಧನಾ ನೀತಿಗೆ ವಿರುದ್ಧವೆಂದು ನಾನು ಬಾಗಿಲಲ್ಲಿ ತಡೆದೆ.

‘ಉಡುಗೊರೆ ಯಾರು ಕೊಡ್ತಾರೆ? ಇದು ಅಳತೆಗೋಲು. ಅಳತೆ ಗೊತ್ತಿಲ್ಲದಿದ್ರೆ ಅಳೆಯುವುದು ಹೇಗೆ?’

ನಾನು ದಾರಿ ಬಿಟ್ಟೆ. ಆ ಮಧ್ಯಾಹ್ನ ಕಚೇರಿಯ ಹಜಾರದಲ್ಲಿ ಪ್ರಾಧ್ಯಾಪಕರು ಕೆಂಪು ಮೂಗು ಒರೆಸಿಕೊಳ್ಳುತ್ತ ಎದುರಾದರು. ಪುಳಿಮುಂಚಿಯ ತನಕ ಹೋಗಿದ್ದಾಗಿಯೂ, ಮೇಲಿನ ಮೆಟ್ಟಿಲುಗಳ ಬಗ್ಗೆ ತಮಗೆ ಈಗ ಅಪಾರ ಗೌರವವಿರುವುದಾಗಿಯೂ ಹೇಳಿದರು.

ಅಭ್ಯಾಸಕ್ಕೆ ಪಕ್ಕದಲ್ಲಿ ಕೂರಲು ಒಬ್ಬರು ಬೇಕಿತ್ತು. ಭಾವನ ಬ್ರೇಕಿನ ಕಾರಣ ಅವರನ್ನು ಮೊದಲ ದಿನವೇ ಕೈಬಿಡಲಾಯಿತು. ಮಗಳು ಫೋನಿನಿಂದ ತಲೆ ಎತ್ತುವವಳಲ್ಲ. ಉಳಿದದ್ದು ನಾನು. ಖಾಸಗಿ ಕಾರನ್ನು ತತ್ತ್ವದ ಮೇಲೆ ಹೊಂದದವಳು, ಪ್ರತಿ ಶನಿವಾರ ಮತ್ತು ಭಾನುವಾರ, ಕಾರಿನ ಪಕ್ಕದ ಸೀಟಿಗೆ ಬೆಲ್ಟು ಕಟ್ಟಿಕೊಂಡು ಕುಳಿತೆ.

ಪಾರ್ಕಿಂಗ್ ಸುತ್ತುವುದು ಸುಲಭವಾಗಿ ಮುಗಿಯಿತು. ಫೆಬ್ರವರಿಯ ಮೊದಲ ವಾರ, ಬಿಸಿಲಿದ್ದ ಒಂದು ಬೆಳಗ್ಗೆ, ಹೈವೇ ಏರುವ ತಿರುವಿಗೆ ಬಂದೆವು. ಅಕ್ಕ ವೇಗ ಇಳಿಸಿದರು. ನನಗೂ ಹೆದರಿಕೆ. ಹೆದರಿದರೆ ನನಗೆ ಮಾತು ಬರುತ್ತದೆ. ಕಣ್ಣಿಗೆ ಟೋಲ್ ರಸ್ತೆಯ ಫಲಕ ಬಿತ್ತು, ಅದನ್ನೇ ಹಿಡಿದುಕೊಂಡೆ. ಜನರ ಹಣದಲ್ಲಿ ಕಟ್ಟಿದ ಹೆದ್ದಾರಿಯನ್ನು ಖಾಸಗಿಯವರ ಕೈಗೊಪ್ಪಿಸಿದ್ದು ಎಂಥ ಅನ್ಯಾಯ, ದುಡ್ಡಿದ್ದವರಿಗೆ ಖಾಲಿ ರಸ್ತೆ, ಇಲ್ಲದವರಿಗೆ ಟ್ರಾಫಿಕ್ಕು ಎಂದು ಶುರುಮಾಡಿದೆ. ಅಕ್ಕ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಎರಡು ಟ್ರಕ್ಕುಗಳ ನಡುವೆ ಕಾರನ್ನು ತೂರಿಸುತ್ತ, ‘ಹಾಗಾದ್ರೆ ಆಗ ಸರಕಾರ ಎಂತ ಮಾಡ್ತಿತ್ತು?’ ಎಂದು ಕೇಳಿದರು. ನಾನು ಉತ್ತರಿಸುತ್ತಿರುವಾಗಲೇ ಮುಂದಿನ ಎಕ್ಸಿಟ್ ಬಂತು. ಇಳಿದ ಮೇಲಷ್ಟೇ ನಾವು ಹೈವೇಯಲ್ಲಿದ್ದೆವೆಂಬುದು ಅವರಿಗೆ ಹೊಳೆದದ್ದು. ಇಬ್ಬರೂ ಪೆಟ್ರೋಲ್ ಬಂಕಿನಲ್ಲಿ ನಿಂತು ಹುಚ್ಚರಂತೆ ನಕ್ಕೆವು.

ಅಲ್ಲಿಂದ ಮುಂದೆ ವಾರವಾರವೂ ಜಯ. ಅರ್ಧ ದಾರಿಯ ಓಕ್‌ವಿಲ್ ತನಕ ಹೋಗುವಾಗ ಬಾಡಿಗೆದಾರರ ಹಕ್ಕುಗಳನ್ನು ಹೇಳಿದೆ. ಇದನ್ನು ನನ್ನ ಮನೆಯೊಡತಿಗೇ ಹೇಳುತ್ತಿದ್ದೇನೆಂಬ ಅರಿವು ನನಗೂ ಇತ್ತು, ಅವರಿಗೂ ಇತ್ತು. ವಿದೇಶಿ ವಿದ್ಯಾರ್ಥಿಗಳಿಂದ ವಸೂಲು ಮಾಡುವ ದುಬಾರಿ ಶುಲ್ಕದ ಮಾತಿನಲ್ಲಿ ಸೇತುವೆ ದಾಟಿದೆವು. ಸೂಪರ್‌ಮಾರ್ಕೆಟ್ಟುಗಳು ಚೆನ್ನಾಗಿರುವ ತರಕಾರಿಯನ್ನು ಎಸೆಯುವುದರ ಬಗ್ಗೆ ಕೇಳುತ್ತ ಅಕ್ಕ ಮೊತ್ತಮೊದಲ ಸಲ ಒಂದು ಲಾರಿಯನ್ನು ಹಿಂದಿಕ್ಕಿದರು. ಬರ್ಲಿಂಗ್ಟನ್ ಕೂಡ ಮುಟ್ಟಿದೆವು. ಕೋರಿ ರೊಟ್ಟಿ ಈಗ ನೀರುದೋಸೆಯಷ್ಟು ಸಪ್ಪೆ ಎಂದು ಅಕ್ಕ ಪ್ರಾಧ್ಯಾಪಕರಿಗೆ ವರದಿ ಒಪ್ಪಿಸಿದರು. ನನ್ನ ಜೀವಮಾನದಲ್ಲಿ ನನ್ನ ಮಾತನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

ಆದರೆ ಪ್ರಾಧ್ಯಾಪಕರಿಗೆ ಸಂಶಯ ಬಂತು. ಭಯ ಇಷ್ಟು ಬೇಗ ಇಳಿಯುವುದಿಲ್ಲ. ಕಾರಿನೊಳಗೆ ಏನೇನು ನಡೆಯುತ್ತದೆ ಎಂದು ಒಂದೊಂದಾಗಿ ಕೇಳಿದರು. ಅಕ್ಕ ಹೆಮ್ಮೆಯಿಂದ, ನಮ್ಮ ಬೇಸ್‌ಮೆಂಟಿನ ಹುಡುಗಿ ಪ್ರಪಂಚದ ಅನ್ಯಾಯಗಳನ್ನೆಲ್ಲ ಹೇಳುತ್ತಾಳೆ, ನಾನು ಕೇಳುತ್ತೇನೆ ಎಂದರು. ಪ್ರಾಧ್ಯಾಪಕರು ಪೆನ್ನು ಕೆಳಗಿಟ್ಟರು. ಆಕೆ ಸುಮ್ಮನಿದ್ದರೆ? ಎಂದು ಕೇಳಿದರು. ಅದನ್ನು ಊಹಿಸಿಕೊಂಡ ಕೂಡಲೇ ಅಕ್ಕ ಅಳತೆ ಹೇಳಿದರು: ಘೀ ರೋಸ್ಟ್.

ಆಗ ಅವರು ವಿವರಿಸಿದರು. ಭಯಪಡುವವರು ತಮಗರಿವಿಲ್ಲದೆ ಒಂದು ಊರುಗೋಲು ಹಿಡಿದುಕೊಳ್ಳುತ್ತಾರೆ. ಕೆಲವರು ರೇಡಿಯೊ ಹಾಕುತ್ತಾರೆ, ಕೆಲವರು ನೀರಿನ ಬಾಟಲಿ ಹಿಡಿಯುತ್ತಾರೆ. ನಡೆಸುತ್ತಿರುವುದು ತಾನಲ್ಲ, ಕೋಲು ಎಂದು ಮನಸ್ಸು ನಂಬಿಬಿಡುತ್ತದೆ. ಮಾರ್ಚ್ ಕೊನೆಯ ನಂತರ ಪಕ್ಕದ ಸೀಟು ಖಾಲಿ ಇರುತ್ತದೆ. ಆದ್ದರಿಂದ ಮುಂದಿನ ಅಭ್ಯಾಸದಲ್ಲಿ ನಾನು ಕೂರಬೇಕು, ಮಾತಾಡಬಾರದು. ಅದಾದ ಮೇಲೆ ಕೂರಲೂಬಾರದು.

ಅಕ್ಕ ಈ ಸಂದೇಶ ತಂದಾಗ ನನಗಾದ ಆಘಾತವನ್ನು ಹೇಗೆ ಹೇಳಲಿ? ನಮ್ಮ ಶಾಲೆಯ ವೃತ್ತದಲ್ಲಿ ನಾನು ಹೆಸರಿಟ್ಟ ಮೊತ್ತಮೊದಲ ತಪ್ಪೇ ಬಾಯಿ ಮುಚ್ಚಿಸುವುದು. ಒಬ್ಬ ಬಿಳಿಯ ಗಂಡಸು ಇಬ್ಬರು ಕಂದು ಹೆಂಗಸರ ನಡುವಿನ ಮಾತನ್ನು ನಿಷೇಧಿಸುವುದರಲ್ಲಿರುವ ಚರಿತ್ರೆಯನ್ನು ನಾನು ಊಟದ ಮೇಜಿನಲ್ಲಿ ವಿಸ್ತಾರವಾಗಿ ಬಿಡಿಸಿಟ್ಟೆ. ಭಾವ ಮಜ್ಜಿಗೆ ಕುಡಿಯುತ್ತ, ಇಲ್ಲದ ಬ್ರೇಕು ಒತ್ತಿದ್ದಕ್ಕೆ ತಮ್ಮನ್ನು ಇಳಿಸಿದಾಗ ಯಾರೂ ಚರಿತ್ರೆ ಹೇಳಲಿಲ್ಲ ಎಂದು ನೆನಪಿಸಿದರು. ಮಗಳು ಫೋನಿನಿಂದ ತಲೆ ಎತ್ತಿ, ನನ್ನನ್ನೂ ತಾಯಿಯನ್ನೂ ನೋಡಿ, ತನ್ನ ಇಂಗ್ಲಿಷಿನಲ್ಲಿ ಹೇಳಿದಳು: ನೀವು ಅಮ್ಮನ ಪಾಡ್‌ಕಾಸ್ಟು ಆಂಟಿ, ಅಷ್ಟೇ, ಪಾಡ್‌ಕಾಸ್ಟನ್ನು ನಿಲ್ಲಿಸಿದರೆ ಅದಕ್ಕೆ ಅನ್ಯಾಯವಾಗುವುದಿಲ್ಲ.

ಅಕ್ಕ ನಗಲಿಲ್ಲ. ‘ಒಬ್ಬಳಿಗೇ ಆಗ್ಬೇಕಲ್ಲ ನನಗೆ,’ ಎಂದರು. ಆ ಗಾಜಿನ ಕೆಲಸ ಅವರಿಗೆ ಏನೆಂಬುದು ನನಗೆ ಗೊತ್ತಿತ್ತು. ನಾನು ಒಪ್ಪಿದೆ.

ಮುಂದಿನ ಶನಿವಾರ ಸಣ್ಣಗೆ ಹಿಮ ಉದುರುತ್ತಿತ್ತು. ತಿರುವಿಗೆ ಬಂದಾಗ ಅಕ್ಕನ ಉಸಿರು ಕೇಳಿಸತೊಡಗಿತು; ಇಷ್ಟು ದಿನ ನನ್ನ ಮಾತಿನ ಕೆಳಗೆ ಅದು ನನಗೆ ಕೇಳಿಸಿರಲೇ ಇಲ್ಲ. ಕೊನೆಯ ಕ್ಷಣದಲ್ಲಿ ಹೈವೇ ತಪ್ಪಿಸಿ ಒಳರಸ್ತೆಗೆ ತಿರುಗಿದರು. ಒಂದು ಸುತ್ತು ಹಾಕಿ ಮತ್ತೆ ಬಂದೆವು.

‘ಎಂತಾದ್ರೂ ಹೇಳು ಮಾರಾಯ್ತಿ. ಒಂದೇ ಒಂದು ಅನ್ಯಾಯ.’

ನಾನು ತುಟಿ ಬಿಗಿದು, ಇಲ್ಲವೆಂದು ತಲೆಯಾಡಿಸಿದೆ. ಅಕ್ಕ ತುಳುವಿನಲ್ಲಿ ಏನೋ ಬೈದರು. ನನಗೋ, ಪ್ರಾಧ್ಯಾಪಕರಿಗೋ, ರಸ್ತೆಗೋ ತಿಳಿಯಲಿಲ್ಲ. ಕಾರು ಏರಿತು. ಟ್ರಕ್ಕೊಂದು ಕೆಸರು ಹಿಮವನ್ನು ಗಾಜಿಗೆ ರಾಚಿ ಹೋಯಿತು. ವೈಪರು ಒರೆಸಿತು. ಅಕ್ಕ ಅಳುತ್ತಿದ್ದರು, ಆದರೆ ಕಾರು ತನ್ನ ಸಾಲು ಬಿಡಲಿಲ್ಲ. ಇತ್ತ ನನ್ನ ಪಾಡು ಕೇಳಿ. ಹೊರಗೆ ಹೆಂಗಸರ ಬಣ್ಣವನ್ನು ಹಂಗಿಸುವ ಕ್ರೀಮಿನ ಜಾಹೀರಾತು ದಾಟಿತು. ಸೂರಿಲ್ಲದ ಬಸ್ ನಿಲ್ದಾಣದಲ್ಲಿ ಹಿಮದಲ್ಲಿ ನಿಂತವರು ದೂರದ ರಸ್ತೆಯಲ್ಲಿ ಕಂಡರು. ಟೋಲ್ ರಸ್ತೆಯ ಫಲಕ ಬಂದು ಹೋಯಿತು. ಒಂದಕ್ಕೂ ಹೆಸರಿಡಲಿಲ್ಲ. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಓಕ್‌ವಿಲ್ ದಾಟುವ ಹೊತ್ತಿಗೆ ಅಳು ನಿಂತಿತ್ತು. ಬರ್ಲಿಂಗ್ಟನ್‌ನ ಫಲಕ ಕಂಡಾಗ ಅಕ್ಕ ಗುನುಗುತ್ತಿದ್ದರು. ಕಾರ್ಖಾನೆಯ ಖಾಲಿ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಕಣ್ಣು ಒರೆಸಿಕೊಂಡು, ಬ್ಯಾಗಿನಿಂದ ಚಕ್ಕುಲಿ ತೆಗೆದು ಕೊಟ್ಟರು. ‘ನೀನು ಪಾಪ, ಭಾರಿ ಕಷ್ಟ ಪಟ್ಟೆ,’ ಎಂದರು.

ಮಾರ್ಚ್ ತಿಂಗಳ ಉಳಿದ ವಾರಗಳಲ್ಲಿ ನಾನು ಮನೆಯಲ್ಲಿದ್ದೆ, ಸೀಟು ಖಾಲಿಯಿತ್ತು. ಮೊದಲು ಹಗಲು, ಆಮೇಲೆ ಮುಂಜಾವದ ಕತ್ತಲೆ. ಪೋಲೆಂಡಿನ ಗೆಳತಿಗೆ ಕಾರ್ಖಾನೆಯಲ್ಲಿ ಕೇಕು ಕತ್ತರಿಸಿ ಬೀಳ್ಕೊಟ್ಟರು. ಮರು ಸೋಮವಾರ ಬೆಳಗ್ಗೆ ಗ್ಯಾರೇಜಿನ ಬಾಗಿಲು ಏಳುವ ಸದ್ದು ನನ್ನ ಹಾಸಿಗೆಯ ಮೇಲೆಯೇ ಕೇಳಿಸಿತು. ಮೇಲೆ ಹೋದೆ. ಭಾವ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದರು. ಬಲಗಾಲು ನೆಲವನ್ನು ಒತ್ತಿಕೊಂಡಿತ್ತು. ನಾನು ಪಕ್ಕದಲ್ಲಿ ನಿಂತೆ. ಚಹಾ ಆರಿತು. ಶಿಫ್ಟು ಶುರುವಾಗುವ ಸ್ವಲ್ಪ ಮುಂಚೆ ಭಾವನ ಫೋನು ಹೊಡೆದುಕೊಂಡಿತು.

‘ಘೀ ರೋಸ್ಟ್ ಆಯ್ತು,’ ಎಂದಿತು ಅಕ್ಕನ ದನಿ. ‘ವಾಂತಿ ಕೂಡ ಆಗ್ಲಿಲ್ಲ. ಇಡ್ತೇನೆ, ಗಾಜು ಕಾಯ್ತಾ ಉಂಟು.’

ಏಪ್ರಿಲ್‌ನಲ್ಲಿ ಪ್ರಾಧ್ಯಾಪಕರು ನನ್ನ ಮೇಜಿನ ಬಳಿ ಬಂದು, ತಮ್ಮ ಪುಟಕ್ಕೆ ಎರಡು ತಿದ್ದುಪಡಿ ಬೇಕೆಂದರು. ಹಿನ್ನೆಲೆಯಲ್ಲಿ ಅಪ್ಪ ಮುಂಜಾನೆ ಹೊರಡುವ ಮುಂಚೆ ಏನಾಗುತ್ತಿತ್ತೆಂಬುದನ್ನು ಸೇರಿಸಬೇಕು. ಅದನ್ನು ಓದಿ ಬರುವವರು ಇರಬಹುದು. ಸಂಶೋಧನಾ ಆಸಕ್ತಿಯಲ್ಲಿ ಒಂದು ಹೊಸ ಸಾಲು: ಚಾಲಕರ ಭಯದಲ್ಲಿ ಪಕ್ಕದ ಸೀಟಿನವರ ಮಾತಿನ ಪಾತ್ರ. ನಾನು ಅಕ್ಷರ ತಪ್ಪದೆ ಹಾಗೆಯೇ ಹಾಕಿದೆ. ಒಂದು ವಿಭಾಗದ ಜ್ಞಾನಕ್ಕೆ ನನ್ನ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ಆ ಸಾಲನ್ನು ತೋರಿಸಬಲ್ಲೆ.

ಮುಂದಿನ ಭಾನುವಾರ ಅಕ್ಕ ಜೆರಾರ್ಡ್ ಸ್ಟ್ರೀಟಿನ ಬಜಾರಿಗೆ ಹೊರಟರು. ಕುಚ್ಚಲಕ್ಕಿ, ಬ್ಯಾಡಗಿ ಮೆಣಸು ತರಬೇಕಿತ್ತು. ನಾನು ರೈಲಿನಲ್ಲಿ ಹೋಗೋಣವೆಂದೆ. ಅಕ್ಕ ಕೀಲಿಕೈ ಎತ್ತಿಕೊಂಡರು. ನಾನು ಅಭ್ಯಾಸಬಲದಿಂದ ಬೆಲ್ಟು ಕಟ್ಟಿ, ಬಾಯಿ ಮುಚ್ಚಿ ಕುಳಿತೆ. ಕಾರು ತಿರುವನ್ನು ಏರಿ, ಸಾಲಿಗೆ ಸೇರಿ, ಒಂಟಾರಿಯೊ ಸರೋವರದ ಕಡೆಯ ಬಿಸಿಲಿಗೆ ಮುಖಮಾಡಿತು. ಅಕ್ಕ ಒಂದು ಕೈಯಿಂದ ಬಿಸಿಲಿನ ಪರದೆ ಇಳಿಸಿ ನನ್ನ ಕಡೆ ನೋಡಿದರು.

‘ಎಂತ, ಸುಮ್ಮನೆ ಕೂತಿದ್ದಿ? ಆ ಟೋಲ್ ರಸ್ತೆಯ ಕತೆ ಅರ್ಧಕ್ಕೆ ನಿಂತಿದೆ. ಈಗ ಹೇಳು, ಈಗ ಕೇಳ್ಬಹುದು ನನಗೆ.’

ನಾನು ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದೆ.